ಮಾವ ಎಂಬ ಶಬ್ದದ ಲೆಕ್ಕ

ತಾಯಿಯ ತಮ್ಮನನ್ನೂ ಗಂಡನ ತಂದೆಯನ್ನೂ ನಾವು ಕರೆಯುವುದು ಒಂದೇ ಶಬ್ದದಿಂದ: ಮಾವ. ತಂದೆಯ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ದೆಹಲಿಯ ಸರಕಾರಿ ವಸತಿಗೃಹಗಳಲ್ಲಿ ನೆರೆಯ ಪಂಜಾಬಿ, ಜಾಟ ಕುಟುಂಬಗಳಿಗೆ ಇದನ್ನು ವಿವರಿಸಹೊರಟವರಿಗೆ ಎದುರಾಗುವುದು ಮೊದಲು ಅಚ್ಚರಿ, ಬಳಿಕ ತುಸು ಜುಗುಪ್ಸೆ. ಅಕ್ಕನ ಮಗಳನ್ನು ವರಿಸುವುದೇ? ನಮ್ಮ ಉತ್ತರ ಸಿದ್ಧವಾಗಿರುತ್ತದೆ: ಗೋತ್ರ ಬೇರೆ.

ಗೋತ್ರವಾಗಲಿ ಬೆಡಗಾಗಲಿ ಎಣಿಸುವುದು ಗಂಡಿನ ಕವಲನ್ನು ಮಾತ್ರ. ಹತ್ತು ತಲೆಮಾರಿನ ಹಿಂದೆ ಕವಲೊಡೆದ, ಮುಖಪರಿಚಯವೂ ಇಲ್ಲದ ಸಗೋತ್ರದ ಹುಡುಗ ಅಣ್ಣನಾಗುತ್ತಾನೆ; ಅಮ್ಮನ ಒಡಹುಟ್ಟಿದ ತಮ್ಮ ವರನಾಗಬಲ್ಲ. ಜೀವಶಾಸ್ತ್ರಕ್ಕೆ ಈ ಭೇದ ತಿಳಿಯದು. ಸೋದರಮಾವನೂ ಸೋದರಸೊಸೆಯೂ ಸರಾಸರಿ ಕಾಲುಭಾಗ ವಂಶವಾಹಿಗಳನ್ನು ಹಂಚಿಕೊಂಡವರು, ಅಜ್ಜ-ಮೊಮ್ಮಗಳಷ್ಟೇ ಹತ್ತಿರದವರು. 1955ರ ಹಿಂದೂ ವಿವಾಹ ಕಾಯಿದೆ ಈ ಸಂಬಂಧವನ್ನು ನಿಷೇಧಿಸಿ, ರೂಢಿಯಿದ್ದರೆ ಆಗಬಹುದೆಂದು ಅದೇ ಉಸಿರಿನಲ್ಲಿ ಬಾಗಿಲನ್ನೂ ತೆರೆದಿಟ್ಟಿದೆ.

ರೂಢಿಗೆ ಕಾರಣಗಳಿದ್ದವು. ಹೊಲ ಹಂಚಿಹೋಗದು, ಮಗಳು ಕಂಡರಿಯದ ಮನೆ ಸೇರಬೇಕಿಲ್ಲ, ಅತ್ತೆಯಾಗುವವಳು ಸ್ವಂತ ಅಜ್ಜಿಯೇ. ಹೆಣ್ಣಿಗೆ ಇದು ಸಣ್ಣ ಆಸರೆಯಲ್ಲ. ಉತ್ತರದ ಸ್ನೇಹಿತರು ಇದನ್ನು ಗಮನಿಸುವುದಿಲ್ಲ. ಇನ್ನು ಅಪಾಯ ಕಣ್ಣಿಗೆ ಬೀಳುತ್ತಲೂ ಇರಲಿಲ್ಲ. ಸಿಡುಬು, ಜ್ವರ, ಭೇದಿಗಳಿಗೆ ಹೆತ್ತ ಮಕ್ಕಳಲ್ಲಿ ಹಲವರನ್ನು ಕಳೆದುಕೊಳ್ಳುತ್ತಿದ್ದ ಮನೆಯಲ್ಲಿ ಒಂದು ಕೂಸು ಯಾವ ಕಾರಣಕ್ಕೆ ಹೋಯಿತೆಂದು ಬೇರ್ಪಡಿಸಿ ನೋಡುವವರಾರು? ಲಸಿಕೆ, ಶುದ್ಧನೀರು, ಔಷಧಗಳು ಆ ಸಾವುಗಳನ್ನು ಹಿಂದೆ ಸರಿಸಿದ ಮೇಲೆಯೇ ವಂಶವಾಹಿಯ ದೋಷ ಎದ್ದು ಕಾಣತೊಡಗಿತು. ಕಿವುಡು ಮಗು ಹುಟ್ಟಿದರೆ ಅಪವಾದ ಮಾತ್ರ ಇಂದಿಗೂ ತಾಯಿಯ ತಲೆಗೇ.

ಆದರೆ ಸೋದರಿಕೆಯ ಮದುವೆ ಬಿಟ್ಟೆವೆಂದು ಬೀಗುವ ನಗರವಾಸಿಗಳಾದ ನಾವು ನಿಜಕ್ಕೂ ಎಷ್ಟು ದೂರ ಬಂದಿದ್ದೇವೆ? ಜಾಲತಾಣದಲ್ಲಿ ವರನನ್ನು ಹುಡುಕುವಾಗಲೂ ಒಳಪಂಗಡದ ಗೆರೆ ದಾಟುವುದಿಲ್ಲ. ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳೂ ಡೇವಿಡ್ ರೈಖ್ ತಂಡವೂ 2017ರಲ್ಲಿ ಪ್ರಕಟಿಸಿದ ಅಧ್ಯಯನ ದಕ್ಷಿಣ ಏಷ್ಯದ 263 ಸಮುದಾಯಗಳನ್ನು ಪರಿಶೀಲಿಸಿತು. ಅವುಗಳಲ್ಲಿ 81 ಸಮುದಾಯಗಳು ಅತಿ ಸಣ್ಣ ಮೂಲಗುಂಪುಗಳಿಂದ ಬೆಳೆದವು. ಈ ವಿಷಯದಲ್ಲಿ ಫಿನ್‌ಲ್ಯಾಂಡಿನವರನ್ನೂ ಅಶ್ಕೆನಾಜಿ ಯಹೂದಿಗಳನ್ನೂ ಮೀರಿಸಿದವು. ಹತ್ತು ಲಕ್ಷ ದಾಟಿದ ಸಮುದಾಯಗಳೂ ಅವುಗಳಲ್ಲಿವೆ. ವೈಶ್ಯ ಸಮುದಾಯದಲ್ಲಿ ಒಂದು ಕಿಣ್ವದ ಕೊರತೆ ಹೆಚ್ಚಾಗಿರುವುದರಿಂದ, ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯು ಸಡಿಲಿಸಲು ಕೊಡುವ ಕೆಲವು ಔಷಧಗಳೇ ಅವರಿಗೆ ಅಪಾಯಕಾರಿ ಎಂಬುದು ವೈದ್ಯರಿಗೆ ಗೊತ್ತಿದ್ದ ಸಂಗತಿ. ಮಾವನನ್ನು ಬಿಟ್ಟೂ ಜಾತಿಯನ್ನು ಬಿಡದಿದ್ದರೆ ಲೆಕ್ಕ ಅರ್ಧವೇ ಸರಿಯಾದೀತು. ಜಾತಿಯನ್ನು ನಾವು ಸಮಾಜಶಾಸ್ತ್ರದ ಸಮಸ್ಯೆಯೆಂದಷ್ಟೇ ಬಗೆದಿದ್ದೇವೆ. ಅದು ರಕ್ತದಲ್ಲಿಯೂ ದಾಖಲಾಗಿದೆ.

ಗೆರೆ ದಾಟುವ ಧೈರ್ಯವಿದ್ದವರು ದಾಟಲಿ, ಅದಕ್ಕಿಂತ ಒಳ್ಳೆಯದಿಲ್ಲ. ದಾಟದವರಿಗೂ ದಾರಿ ಇದೆ. ನಾಲ್ಕು ಮಕ್ಕಳನ್ನು ಟೇ-ಸ್ಯಾಕ್ಸ್ ಕಾಯಿಲೆಗೆ ಕಳೆದುಕೊಂಡ ಜೋಸೆಫ್ ಎಕ್‌ಸ್ಟೈನ್ ಎಂಬ ಯಹೂದಿ ಧರ್ಮಗುರು 1983ರಲ್ಲಿ ನ್ಯೂಯಾರ್ಕಿನಲ್ಲಿ ದೋರ್ ಯೆಶೋರಿಮ್ ಎಂಬ ಸಂಸ್ಥೆ ಕಟ್ಟಿದರು. ತರುಣರ ರಕ್ತ ಪರೀಕ್ಷಿಸಿ ಹೆಸರಿನ ಬದಲು ಒಂದು ಸಂಖ್ಯೆ ಕೊಡುತ್ತಾರೆ. ಸಂಬಂಧ ಕುದುರುವ ಮುನ್ನ ಎರಡು ಸಂಖ್ಯೆಗಳನ್ನು ತಿಳಿಸಿದರೆ ಹೊಂದಾಣಿಕೆ ಇದೆಯೋ ಇಲ್ಲವೋ ಹೇಳುತ್ತಾರೆ. ಯಾರ ಮಗಳ ಮೇಲೂ ಕಳಂಕ ಬಾರದು.

ಮುಂಬಯಿ, ಪುಣೆಗಳ ನಮ್ಮ ವಧು-ವರ ಸಮಾವೇಶಗಳ ಅರ್ಜಿಯಲ್ಲಿ ಗೋತ್ರ, ನಕ್ಷತ್ರ, ಪಾದಗಳಿಗೆ ಸ್ಥಳವಿರುತ್ತದೆ. ಅಂಥದೊಂದು ಸಂಖ್ಯೆಗಾಗಿ ಇನ್ನೊಂದು ಸಾಲು ಸೇರಿಸಿದರೆ ಮುದ್ರಣದ ಖರ್ಚೇನೂ ಹೆಚ್ಚಲಾರದು.