ತುರಿಕೆ ನಿಂತಿತು, ರೋಗ ನಿಲ್ಲಲಿಲ್ಲ

‘ಅಣ್ಣಾ, ತೊಡೆಸಂದೀಲಿ ವಿಪರೀತ ಕೆರೆತ. ಯಾವ್ದಾದ್ರೂ ಟ್ಯೂಬ್ ಕೊಡಿ.’ ‘ಇದನ್ನ ಹಚ್ಚಿ, ಎರಡು ದಿನಕ್ಕೆ ಸರಿಹೋಗುತ್ತೆ.’ ನಮ್ಮ ಯಾವ ಊರಿನ ಮೆಡಿಕಲ್ ಶಾಪಿನಲ್ಲಿ ನಿಂತರೂ ಕಿವಿಗೆ ಬೀಳುವ ಮಾತಿದು. ಡಾಕ್ಟರ ಚೀಟಿಯನ್ನು ಕೊಳ್ಳುವವರು ತಂದಿರುವುದಿಲ್ಲ, ಮಾರುವವರು ಕೇಳುವುದಿಲ್ಲ. ಎರಡು ದಿನಕ್ಕೆ ಕೆರೆತ ನಿಲ್ಲುವುದೂ ಸುಳ್ಳಲ್ಲ. ತೊಂದರೆ ಶುರುವಾಗುವುದೇ ಆಮೇಲೆ.

ಆ ಟ್ಯೂಬಿನಲ್ಲಿ ಬಹುಪಾಲು ಸಲ ಇರುವುದು ಸ್ಟೀರಾಯ್ಡ್. ಅದು ಕೆಟ್ಟ ಔಷಧವೇನಲ್ಲ. ಕಂಬಳಿಹುಳು ತಾಗಿ ಎದ್ದ ದದ್ದು, ಪಾರ್ಥೇನಿಯಂ ಕೀಳುವವರ ಕೈಗೆ ಹತ್ತುವ ನವೆ, ನಕಲಿ ಸರದಿಂದ ಕೆಂಪಾದ ಕುತ್ತಿಗೆ ಇವಕ್ಕೆಲ್ಲ ಚರ್ಮವೈದ್ಯರೂ ಅದನ್ನೇ ಬರೆಯುತ್ತಾರೆ. ಅಮೆರಿಕದಲ್ಲಿ ಸೌಮ್ಯ ಸ್ಟೀರಾಯ್ಡ್ ಆದ ಹೈಡ್ರೋಕಾರ್ಟಿಸೋನ್ ಶೇ 1ರವರೆಗೆ ಚೀಟಿಯಿಲ್ಲದೆಯೇ ಸಿಗುತ್ತದೆ. ಆದರೆ ಏಳು ದಿನ ಕಳೆದರೂ ಗುಣವಾಗದಿದ್ದರೆ ನಿಲ್ಲಿಸಿ ವೈದ್ಯರನ್ನು ಕಾಣಿ, ಎರಡು ವರ್ಷದೊಳಗಿನ ಮಕ್ಕಳಿಗೆ ಕೇಳದೆ ಹಚ್ಚಬೇಡಿ ಎಂದು ಅದರ ಡಬ್ಬಿಯ ಮೇಲೆಯೇ ಬರೆದಿರುತ್ತದೆ.

ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಕೈಗೆ ಬರುವುದು ಅಂಥ ಸೌಮ್ಯ ಮುಲಾಮಲ್ಲ. ಕ್ಲೊಬೆಟಸಾಲ್ ಎಂಬ ಸ್ಟೀರಾಯ್ಡ್ ಟ್ಯೂಬಿನ ಮೇಲೆ ಶೇ 0.05 ಎಂದಿರುತ್ತದೆ. ಅಂಕಿ ನೋಡಿದರೆ ಶೇ 1ಕ್ಕಿಂತ ಕಡಿಮೆ ಅನ್ನಿಸುತ್ತದೆ. ಬಲದಲ್ಲಿ ಅದು ಹೈಡ್ರೋಕಾರ್ಟಿಸೋನಿಗಿಂತ ಸುಮಾರು 600 ಪಟ್ಟು ಹೆಚ್ಚು ಎಂಬ ಅಂದಾಜಿದೆ. ಇಂಥ ಸ್ಟೀರಾಯ್ಡ್ ಜೊತೆಗೆ ಶಿಲೀಂಧ್ರದ ಮದ್ದು, ಆ್ಯಂಟಿಬಯಾಟಿಕ್ ಎರಡನ್ನೂ ಬೆರೆಸಿದ ಕ್ರೀಮುಗಳಿಗೇ ಬೇಡಿಕೆ ಜಾಸ್ತಿ. ಯಾವ ರೋಗವೆಂದು ನೋಡುವ ಗೋಜಿಲ್ಲ, ಮೂರರಲ್ಲಿ ಒಂದಾದರೂ ಹತ್ತೀತು ಎಂಬ ಲೆಕ್ಕಾಚಾರ.

ಶಿಲೀಂಧ್ರದಿಂದ ಬರುವ ಹುಳುಕಡ್ಡಿಯ ಮೇಲೆ ಇಂಥ ಕ್ರೀಮು ಹಚ್ಚಿದರೆ ಆಗುವುದೇನು? ಸ್ಟೀರಾಯ್ಡ್ ಆ ಜಾಗದ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ. ಕೆಂಪು ಇಳಿಯುತ್ತದೆ, ಉಂಗುರದಂಥ ಅಂಚು ಅಳಿಸಿಹೋಗುತ್ತದೆ, ನವೆ ಮಾಯವಾಗುತ್ತದೆ. ಶಿಲೀಂಧ್ರ ಮಾತ್ರ ಸದ್ದಿಲ್ಲದೆ ಹಬ್ಬುತ್ತಿರುತ್ತದೆ. ಹಚ್ಚುವುದನ್ನು ಬಿಟ್ಟೊಡನೆ ಅಂಗೈಯಗಲದ ಮಚ್ಚೆ ಸೊಂಟದವರೆಗೆ ಏರಿರುತ್ತದೆ. ಮತ್ತದೇ ಟ್ಯೂಬು. ಅಷ್ಟರಲ್ಲಿ ಒಂದೇ ಟವೆಲ್ ಬಳಸುವ ಮನೆಮಂದಿಗೂ ಅದು ಅಂಟಿರುತ್ತದೆ. ಕೊನೆಗೆ ಚರ್ಮವೈದ್ಯರ ಬಳಿ ಹೋದಾಗ ರೋಗದ ಗುರುತೇ ಕೆಟ್ಟಿರುತ್ತದೆ. ತೊಡೆಸಂದಿಯ ಚರ್ಮ ತೆಳುವಾಗಿ ಬಿರುಕುಬಿಟ್ಟಂತೆ ಮೂಡುವ ಗೆರೆಗಳಂತೂ ಜೀವಮಾನವಿಡೀ ಉಳಿಯುತ್ತವೆ. ಬಣ್ಣ ತಿಳಿಯಾಗಲೆಂದು ಇದೇ ಕ್ರೀಮನ್ನು ಮುಖಕ್ಕೆ ಬಳಿದುಕೊಳ್ಳುವವರ ಪಾಡು ಇನ್ನೂ ಕಷ್ಟ: ಮೊಡವೆ, ಬೇಡದ ಕೂದಲು, ಎದ್ದು ಕಾಣುವ ಕೆಂಪು ರಕ್ತನಾಳಗಳು, ಬಿಟ್ಟರೆ ತಡೆಯಲಾಗದ ಉರಿ.

ಕಾನೂನಿಗೆ ಇದು ಗೊತ್ತಿಲ್ಲದ್ದೇನಲ್ಲ. 2018ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಅಡಿಗೆ ತಂದು, ಚೀಟಿಯಿಲ್ಲದೆ ಮಾರಬಾರದೆಂದಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ 328 ಮಿಶ್ರ ಔಷಧಗಳನ್ನು ನಿಷೇಧಿಸಿತು; ಚರ್ಮಕ್ಕೆ ಹಚ್ಚುವ ಕೆಲವು ಬೆರಕೆ ಕ್ರೀಮುಗಳೂ ಆ ಪಟ್ಟಿಯಲ್ಲಿದ್ದವು. ಅಂಗಡಿಯ ರೂಢಿ ಮಾತ್ರ ಬದಲಾಗಲಿಲ್ಲ. ಕೊಳ್ಳುವವರನ್ನಷ್ಟೇ ದೂರಿ ಫಲವಿಲ್ಲ. ಚರ್ಮವೈದ್ಯರನ್ನು ಕಾಣಲು ಹಳ್ಳಿಯವರು ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಬಸ್ ಚಾರ್ಜು, ಡಾಕ್ಟರ ಫೀಸು, ಮೇಲೆ ಒಂದು ದಿನದ ಕೂಲಿ ನಷ್ಟ. ಟ್ಯೂಬಿನ ಮೇಲಿನ ಎಚ್ಚರಿಕೆಯೋ, ಸಾಸಿವೆ ಕಾಳಿಗಿಂತ ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿದೆ. ‘ಇದು ಸ್ಟೀರಾಯ್ಡ್, ಚೀಟಿಯಿಲ್ಲದೆ ಕೊಡುವುದಿಲ್ಲ’ ಎಂಬ ಕನ್ನಡದ ಫಲಕವನ್ನು ಪ್ರತಿ ಔಷಧದಂಗಡಿಯಲ್ಲಿ ಹಾಕಿಸುವುದು, ಅದರಂತೆ ನಡೆಯುತ್ತಿದೆಯೇ ಎಂದು ನೋಡುವುದು ಔಷಧ ನಿಯಂತ್ರಣ ಇಲಾಖೆಗೆ ಆಗದ ಕೆಲಸವಲ್ಲ.

ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದಿಷ್ಟು. ಸೊಳ್ಳೆ ಕಚ್ಚಿದ್ದಕ್ಕೆ, ಬೆವರುಸಾಲೆಗೆ ಮೊದಲು ತಣ್ಣೀರು, ಕ್ಯಾಲಮೈನ್ ಸಾಕು. ಟ್ಯೂಬು ಕೊಳ್ಳುವ ಮುನ್ನ ಒಳಗಿನ ಔಷಧದ ಹೆಸರನ್ನು ಅಂಗಡಿಯವರಿಂದಲೇ ಓದಿಸಿ. ಬೀಟಾಮೆಥಸೋನ್, ಮೊಮೆಟಸೋನ್‌ಗಳಂತೆ ‘ಸೋನ್’ ಎಂದೋ, ಕ್ಲೊಬೆಟಸಾಲ್‌ನಂತೆ ‘ಟಸಾಲ್’ ಎಂದೋ ಮುಗಿದರೆ ಅದು ಸ್ಟೀರಾಯ್ಡ್ ಎಂದೇ ತಿಳಿಯಿರಿ. ವೈದ್ಯರು ಬರೆದುಕೊಟ್ಟಿದ್ದರೆ ಅವರು ಹೇಳಿದಷ್ಟು ದಿನ ಮಾತ್ರ, ತೆಳುವಾಗಿ ಹಚ್ಚಿ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಕ್ರೀಮು ಎರಡು ಅಂಗೈಯಷ್ಟು ಜಾಗಕ್ಕೆ ಸಾಲುತ್ತದೆ. ಉಳಿದದ್ದನ್ನು ನೆರೆಮನೆಯವರಿಗೆ ದಾನ ಮಾಡಬೇಡಿ. ದುಂಡಗೆ ಹಬ್ಬುವ ಮಚ್ಚೆಗೆ, ಮುಖಕ್ಕೆ, ತೊಡೆಸಂದಿಗೆ, ಕೂಸಿನ ಡೈಪರ್ ಜಾಗಕ್ಕೆ ನಿಮ್ಮಷ್ಟಕ್ಕೆ ನೀವೇ ಹಚ್ಚಲೇಬೇಡಿ. ಮುಟ್ಟಿದರೆ ಅರಿವಾಗದ ಮಚ್ಚೆಯಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅದು ಕುಷ್ಠವಾಗಿದ್ದರೆ ಅಲ್ಲಿ ಚಿಕಿತ್ಸೆ ಉಚಿತ, ಪೂರ್ತಿ ಗುಣವೂ ಆಗುತ್ತದೆ.

ಎರಡೇ ದಿನಕ್ಕೆ ತುರಿಕೆ ನಿಲ್ಲಿಸುವ ಟ್ಯೂಬನ್ನು ಯಾರಾದರೂ ಕೈಗಿತ್ತರೆ, ಮೂರನೆಯ ವಾರ ಏನಾಗುತ್ತದೆ ಎಂದು ಕೇಳಿ. ಉತ್ತರ ಬಾರದಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.