ನೆರೆ ಇಳಿದರೂ ಆರದ ಕರುಳಿನ ಉರಿ: ವೇಲಚೇರಿ ಕಾಣದ ಇನ್ನೊಂದು ನಷ್ಟ

2024ರ ಅಕ್ಟೋಬರ್‌ನಲ್ಲಿ ಭಾರಿ ಮಳೆಯ ಮುನ್ಸೂಚನೆ ಬಂದ ಕೂಡಲೇ ಚೆನ್ನೈನ ವೇಲಚೇರಿ ನಿವಾಸಿಗಳು ತಮ್ಮ ಕಾರುಗಳನ್ನು ಮೇಲ್ಸೇತುವೆ ಮೇಲೆ ಸಾಲಾಗಿ ನಿಲ್ಲಿಸಿದ್ದು ದೇಶದೆಲ್ಲೆಡೆ ಸುದ್ದಿಯಾಗಿತ್ತು. 2015ರ ನೆರೆ ಮತ್ತು 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತ ಕಲಿಸಿದ ಪಾಠವದು. ಕಾರನ್ನೇನೋ ಎತ್ತರಕ್ಕೆ ಸಾಗಿಸಬಹುದು. ಆದರೆ ಪಳ್ಳಿಕರಣೈ ಜೌಗು ಪ್ರದೇಶಕ್ಕೆ ಹೊಂದಿಕೊಂಡ ಈ ತಗ್ಗು ಬಡಾವಣೆಯಲ್ಲಿ ಚರಂಡಿ ನೀರು ಮಳೆ ನೀರಿನೊಂದಿಗೆ ಬೆರೆತು ಮನೆಯ ಸಂಪ್‌ಗೆ ಇಳಿದರೆ ಏಟು ಬೀಳುವುದು ಕರುಳಿಗೆ.

ವಾಂತಿ-ಭೇದಿ ನಾಲ್ಕು ದಿನಕ್ಕೆ ನಿಲ್ಲಬಹುದು, ಆಸ್ಪತ್ರೆಯ ಲೆಕ್ಕವೂ ಅಲ್ಲಿಗೆ ಮುಗಿಯುತ್ತದೆ. ಆದರೆ ದೇಹದ ರೋಗನಿರೋಧಕ ಕೋಶಗಳ ದೊಡ್ಡ ಪಾಲು ಇರುವುದೇ ಕರುಳಿನಲ್ಲಿ. ಅದರ ಒಳಪದರ ಒಂದೇ ಸಾಲು ಕೋಶಗಳದ್ದು. ಲೋಳೆ ಮತ್ತು ಐಜಿಎ ಪ್ರತಿಕಾಯಗಳು ಅದಕ್ಕೆ ಕಾವಲು. ಸೋಂಕು ಪದೇ ಪದೇ ತಗುಲಿದರೆ ಕೋಶಗಳ ನಡುವಿನ ಬಿಗಿ ಸಡಿಲಗೊಂಡು ಬ್ಯಾಕ್ಟೀರಿಯಾದ ತುಣುಕುಗಳು ಒಳನುಸುಳುತ್ತವೆ. ಆಗ ಭೇದಿ ಇಲ್ಲದಿದ್ದರೂ ಸಣ್ಣಗೆ ಉರಿಯೂತ ಉಳಿದುಬಿಡುತ್ತದೆ.

ಇಂಥ ಪರಿಸರದಲ್ಲಿ ಬಾಯಿ ಮೂಲಕ ನೀಡುವ ಲಸಿಕೆಗಳೂ ಮಂಕಾಗುತ್ತವೆ. ಇದನ್ನು ಮೊದಲೇ ಗುರುತಿಸಿದವರು ನೆರೆಯ ವೆಲ್ಲೂರಿನವರು. 1970ರ ದಶಕದಲ್ಲಿ ಅಲ್ಲಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಡಾ. ಟಿ. ಜೇಕಬ್ ಜಾನ್, ಪೋಲಿಯೊ ಹನಿಯ ಮೂರು ಡೋಸ್ ಪಡೆದ ಅನೇಕ ಮಕ್ಕಳಲ್ಲೂ ಸಾಕಷ್ಟು ಪ್ರತಿಕಾಯ ಹುಟ್ಟುತ್ತಿಲ್ಲ ಎಂದು ತೋರಿಸಿದ್ದರು. ದೆಹಲಿ, ಪುಣೆ ಮತ್ತು ವೆಲ್ಲೂರಿನಲ್ಲಿ ಪ್ರಯೋಗ ನಡೆದ ರೋಟಾವ್ಯಾಕ್ ಮೊದಲ ವರ್ಷ ತೀವ್ರ ರೋಟಾವೈರಸ್ ಭೇದಿಯನ್ನು ತಡೆದ ಪ್ರಮಾಣ ಸುಮಾರು ಶೇ. 56. ಶ್ರೀಮಂತ ದೇಶಗಳಲ್ಲಿ ಇಂಥ ಲಸಿಕೆಗಳು ಶೇ. 85ಕ್ಕಿಂತ ಹೆಚ್ಚು ರಕ್ಷಣೆ ಕೊಟ್ಟಿವೆ. ತಾಯಿಯಿಂದ ಬರುವ ಪ್ರತಿಕಾಯವೂ ಸೇರಿ ಇದಕ್ಕೆ ಕಾರಣ ಹಲವು, ಕರುಳಿನ ಉರಿಯೂತ ಅವುಗಳಲ್ಲೊಂದು ಎಂಬ ಶಂಕೆ ಇದೆ. ಹಾಗೆಂದು ಲಸಿಕೆ ಬಿಡುವಂತಿಲ್ಲ. ಅರ್ಧಕ್ಕಿಂತ ಹೆಚ್ಚು ತೀವ್ರ ಪ್ರಕರಣ ತಪ್ಪುವುದು ಸಣ್ಣ ಮಾತಲ್ಲ.

ಮಕ್ಕಳ ಬಗ್ಗೆ ಇಷ್ಟಾದರೂ ಅಧ್ಯಯನವಿದೆ, ಹಿರಿಯರ ಬಗ್ಗೆ ಮಾತು ಕಡಿಮೆ. ವಯಸ್ಸಾದಂತೆ ದೇಹದಲ್ಲಿ ಉರಿಯೂತ ತಾನಾಗಿಯೇ ಏರುವುದಕ್ಕೆ 2000ದಲ್ಲಿ ಇಟಲಿಯ ವಿಜ್ಞಾನಿ ಕ್ಲಾಡಿಯೊ ಫ್ರಾನ್ಸೆಸ್ಕಿ 'ಇನ್‌ಫ್ಲಮೇಜಿಂಗ್' ಎಂದು ಹೆಸರಿಟ್ಟರು. ಅದರ ಮೇಲೆ ನಿತ್ಯ ಆಸಿಡಿಟಿ ಮಾತ್ರೆ ನುಂಗುವ ಅಜ್ಜ-ಅಜ್ಜಿಯರಲ್ಲಿ ಜಠರದ ಆಮ್ಲ ತಗ್ಗಿ, ರೋಗಾಣು ಕರುಳು ತಲುಪುವುದು ಸುಲಭವಾಗುತ್ತದೆ.

ಊಟದಿಂದ ಇದನ್ನು ಸರಿಪಡಿಸಬಹುದೇ? ಸ್ವಲ್ಪ ಮಟ್ಟಿಗೆ ಹೌದು. ನಾರಿನಂಶವನ್ನು ಕರುಳಿನ ಬ್ಯಾಕ್ಟೀರಿಯಾ ಬ್ಯುಟಿರೇಟ್ ಆಗಿ ಬದಲಿಸುತ್ತವೆ, ದೊಡ್ಡ ಕರುಳಿನ ಕೋಶಗಳಿಗೆ ಅದೇ ಮುಖ್ಯ ಆಹಾರ. 2021ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ ಹುದುಗಿದ ಆಹಾರ ಸೇವಿಸಿದವರ ರಕ್ತದಲ್ಲಿ 19 ಉರಿಯೂತದ ಪ್ರೋಟೀನ್‌ಗಳು ಇಳಿದಿದ್ದವು. ಆದರೆ ಅದು 36 ಆರೋಗ್ಯವಂತ ವಯಸ್ಕರ ಪುಟ್ಟ ಅಧ್ಯಯನ, ನೆರೆಪೀಡಿತರದ್ದಲ್ಲ. ಚೆನ್ನೈನ ಸ್ಟಾನ್ಲಿ ವೈದ್ಯಕೀಯ ಕಾಲೇಜಿನ ವೈದ್ಯರೂ ಕರುಳಿನ ಉರಿಯೂತದ ರೋಗಿಗಳಿಗೆ ತಂಗಳನ್ನ ನೆರವಾಗುವುದೇ ಎಂಬ ಅಧ್ಯಯನಕ್ಕೆ ಕೈಹಾಕಿದ್ದಾರೆ.

ಮೊಸರು, ತಂಗಳನ್ನದ ಗುಣಗಾನಕ್ಕೆ ಜಾಲತಾಣಗಳಲ್ಲಿ ಬರವಿಲ್ಲ, ಸಂಪ್ ತೊಳೆಯುವ ಮಾತು ಮಾತ್ರ ಅಲ್ಲಿ ಅಪರೂಪ. ತಂಗಳನ್ನ ನೆನೆಯುವುದೂ ಅದೇ ಸಂಪಿನ ನೀರಿನಲ್ಲಿ. ನೆರೆ ಇಳಿದ ಮೇಲೆ ಸಂಪ್ ಖಾಲಿ ಮಾಡಿ, ತೊಳೆದು, ಕ್ಲೋರಿನ್ ಹಾಕುವವರೆಗೂ ವೇಲಚೇರಿಯ ಮನೆಗಳಲ್ಲಿ ಕುಡಿಯಲೂ ಅಡುಗೆಗೂ ಕುದಿಸಿ ಆರಿಸಿದ ನೀರೇ ಬೇಕು.