ದೀಪ ಆರಿದ ಮೇಲೇ ಆಯಿಲ್ ಚೇಂಜ್ ಮುಗಿದಂತೆ

ಆಯುಧಪೂಜೆ ದಿನ ನಮ್ಮ ಕಡೆ ಟ್ರ್ಯಾಕ್ಟರಿಗೆ ಸಿಗೋ ಮರ್ಯಾದೆ ನೋಡಬೇಕು ಕಣ್ರೀ. ತೊಳೆದು, ವಿಭೂತಿ ಬಳಿದು, ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆದು... ಎಲ್ಲಾ ಆಗುತ್ತೆ. ಆದ್ರೆ ಬಾನೆಟ್ ಎತ್ತಿ, ಡಿಪ್‌ಸ್ಟಿಕ್ ಎಳೆದು, ಆಯಿಲ್ ಎಷ್ಟಿದೆ ಅಂತ ನೋಡೋರು ಎಷ್ಟು ಜನ? ಡ್ಯಾಶ್‌ಬೋರ್ಡಿನ ಆಯಿಲ್ ಮೀಟರ್ ಕೆಟ್ಟು ಎರಡು ವರ್ಷ ಆಗಿರುತ್ತೆ. ಕೇಳಿದ್ರೆ "ಗಾಡಿ ಓಡ್ತಿದೆಯಲ್ಲ ಬಿಡಣ್ಣಾ" ಅಂತಾರೆ.

ನಾನು ಹೇಳಬೇಕಂತಿರೋದು ಇಷ್ಟೇ. ಇಂಜಿನ್ ಆಯಿಲ್ ಬದಲಾಯಿಸೋದನ್ನ ನಾವೇ ಕಲೀಬೇಕು. ಬದಲಾಯಿಸಿದ ಮೇಲೆ ಪ್ರೆಶರ್ ಬಂತಾ ಅಂತ ನೋಡೋದನ್ನ ಅದಕ್ಕಿಂತ ಮೊದಲೇ ಕಲೀಬೇಕು.

ಬಿ.ದುರ್ಗ ಹೋಬಳಿ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು... ನಮ್ಮದು ಒಣ ಸೀಮೆ. ಗಾಳಿ ಜಾಸ್ತಿ, ಧೂಳು ಇನ್ನೂ ಜಾಸ್ತಿ. ರೋಟವೇಟರ್ ಹೊಡೆಯುವಾಗ ಟ್ರ್ಯಾಕ್ಟರ್ ಕಾಣಲ್ಲ, ಧೂಳಿನ ಮೋಡ ಮಾತ್ರ ಕಾಣುತ್ತೆ. ಹಳೇ ಟ್ರ್ಯಾಕ್ಟರುಗಳ ಏರ್ ಕ್ಲೀನರಿನ ತಳದ ಬಟ್ಟಲಲ್ಲಿ ಆಯಿಲ್ ಇರುತ್ತಲ್ಲ, ಬೇಸಿಗೆಯಲ್ಲಿ ಅದನ್ನ ಬಿಚ್ಚಿ ನೋಡಿ, ಕೆಸರಾಗಿರುತ್ತೆ. ಅಲ್ಲಿ ನಿಲ್ಲದ ಧೂಳು ಇಂಜಿನ್ ಒಳಗೆ ಹೋಗಿ ಆಯಿಲ್ ಜೊತೆ ಸೇರಿ ಮರಳುಕಾಗದದ ಹಾಗೆ ಉಜ್ಜುತ್ತೆ. ಪುಸ್ತಕದಲ್ಲಿ 250 ಗಂಟೆಗೊಮ್ಮೆ ಅಂತ ಬರೆದಿದ್ರೂ ಇಂಥ ಕೆಲಸಕ್ಕೆ ಇನ್ನೂ ಬೇಗ ಬದಲಾಯಿಸೋದೇ ಕ್ಷೇಮ. ಮಳೆ ಕೈಕೊಟ್ಟ ವರ್ಷ ಅಡಿಕೆ ತೋಟ ಉಳಿಸೋಕೆ ಟ್ಯಾಂಕರ್ ಎಳೆಯೋದೂ ಇದೇ ಟ್ರ್ಯಾಕ್ಟರ್. ಆಗ ಇಂಜಿನ್ ಸೀಜ್ ಆದ್ರೆ ಬರೀ ರಿಪೇರಿ ಖರ್ಚಲ್ಲ, ವರ್ಷಗಟ್ಟಲೆ ಸಾಕಿದ ತೋಟಾನೇ ಒಣಗುತ್ತೆ.

ನಾವೇ ಆಯಿಲ್ ಬದಲಾಯಿಸಿದ್ರೆ ದುಡ್ಡೇನೂ ಭಾರೀ ಉಳಿಯಲ್ಲ. ಲಾಭ ಬೇರೆ ಇದೆ. ಇಳಿದು ಬರೋ ಹಳೇ ಆಯಿಲ್ ಅಂದ್ರೆ ಇಂಜಿನ್ನಿನ ರಕ್ತ ಪರೀಕ್ಷೆ ಇದ್ದ ಹಾಗೆ. ಹಾಲು ಬೆರೆಸಿದ ಕಾಫಿ ತರ ಕಂಡ್ರೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಕಡೆ ಗಮನ ಕೊಡಿ. ಡೀಸೆಲ್ ವಾಸನೆ ಬಂದು ತೆಳ್ಳಗಾಗಿದ್ರೆ ಪಂಪೋ ನಾಝಲ್ಲೋ ಸೋರ್ತಿದೆ. ಲೋಹದ ಚೂರು ಮಿನುಗಿದ್ರೆ ಬೇರಿಂಗ್ ಸವೀತಿದೆ. (ಡೀಸೆಲ್ ಇಂಜಿನ್ನಲ್ಲಿ ಹೊಸ ಆಯಿಲ್ ಎರಡೇ ದಿನಕ್ಕೆ ಕಪ್ಪಾಗೋದು ಮಾಮೂಲು, ಅದಕ್ಕೆ ಗಾಬರಿ ಬೇಡ.) ಗ್ಯಾರೇಜಲ್ಲಿ ಇದನ್ನೆಲ್ಲ ನಿಮಗೆ ತೋರಿಸೋರು ಯಾರು?

ಕೆಲಸ ಸುಲಭ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಸ್ವಲ್ಪ ಬೆಚ್ಚಗಿರುವಾಗ ಡ್ರೈನ್ ಬೋಲ್ಟ್ ಬಿಚ್ಚಿ. ರಿಂಗ್ ಸ್ಪ್ಯಾನರ್ರೇ ಬಳಸಿ. ಕಾರಾದ್ರೆ ಬರೀ ಜಾಕ್ ನಂಬಿ ಅಡಿಗೆ ನುಗ್ಗಬೇಡಿ. ಹೊಸ ಫಿಲ್ಟರಿನ ರಬ್ಬರಿಗೆ ಆಯಿಲ್ ಸವರಿ, ಹಳೇ ರಬ್ಬರ್ ಇಂಜಿನ್ನಿಗೆ ಅಂಟಿಕೊಂಡು ಉಳಿದಿದೆಯಾ ನೋಡಿ, ಆಮೇಲೆ ಕೈಯಿಂದ ಬಿಗಿ ಮಾಡಿ. ಎರಡು ರಬ್ಬರ್ ಒಂದರ ಮೇಲೊಂದು ಕೂತ್ರೆ ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಎಲ್ಲಾ ನೆಲಕ್ಕೆ. "ಇರ್ಲಿ ಬಿಡು" ಅಂತ ಅರ್ಧ ಲೀಟರ್ ಜಾಸ್ತಿ ಸುರೀಬೇಡಿ. ಜಾಸ್ತಿಯಾದ್ರೆ ಕ್ರ್ಯಾಂಕ್ ಅದನ್ನ ಕಡೆದು ನೊರೆ ಮಾಡುತ್ತೆ, ನೊರೆಯಲ್ಲಿ ಪ್ರೆಶರ್ ನಿಲ್ಲಲ್ಲ.

ಇಲ್ಲಿಗೆ ಕೆಲಸ ಮುಗೀತು ಅಂತ ಕೈ ಒರೆಸಿಕೊಳ್ಳೋರೇ ಹೆಚ್ಚು. ಮುಗಿದಿಲ್ಲ!

ಡಿಪ್‌ಸ್ಟಿಕ್ ತೋರಿಸೋದು ಆಯಿಲ್ ಎಷ್ಟಿದೆ ಅಂತ. ಅದು ಮೇಲೆ ಹೋಗ್ತಿದೆಯಾ ಅಂತ ಅಲ್ಲ. ಸಂಪು ತುಂಬಾ ನೀರಿದ್ದೂ ಮೋಟರ್ ಎತ್ತದಿದ್ರೆ ನಲ್ಲೀಲಿ ನೀರು ಬರುತ್ತಾ? ಹಾಗೇ ಇದು. ಕ್ರ್ಯಾಂಕು, ಬೇರಿಂಗು ಒಂದಕ್ಕೊಂದು ತಾಗದೆ ತಿರುಗೋದು ನಡುವೆ ಒತ್ತಡದಲ್ಲಿರೋ ತೆಳು ಆಯಿಲ್ ಪದರದಿಂದ. ಅದು ತಪ್ಪಿದ್ರೆ ಲೋಹಕ್ಕೆ ಲೋಹ. ಆಮೇಲೆ ಇಂಜಿನ್ ಬಿಚ್ಚೋದೇ ಗತಿ.

ಅದಕ್ಕೇ ಮೊದಲು ಕೀ ಮಾತ್ರ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಎಣ್ಣೆ ಗಿಂಡಿಯ ಚಿತ್ರ ಇರೋ ಕೆಂಪು ದೀಪ ಹತ್ತಬೇಕು. ಹತ್ತಲಿಲ್ಲ ಅಂದ್ರೆ ಬಲ್ಬೋ ವೈರೋ ಹೋಗಿದೆ, ಮೊದಲು ಅದನ್ನ ಸರಿಮಾಡಿ. ಹೋಗಿರೋ ಬಲ್ಬೂ ಆರಿದ ದೀಪದ ಹಾಗೇ ಕಾಣುತ್ತೆ, ಅದೇ ಅದರ ಮೋಸ. ಆಮೇಲೆ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಖಾಲಿ ಫಿಲ್ಟರ್ ತುಂಬೋಕೆ ಕೆಲವು ಸೆಕೆಂಡ್ ಬೇಕು. ಹತ್ತು ಸೆಕೆಂಡಿನೊಳಗೆ ದೀಪ ಆರಲಿಲ್ಲ ಅಂದ್ರೆ ತಕ್ಷಣ ಆಫ್ ಮಾಡಿ ಕಾರಣ ಹುಡುಕಿ. ಸ್ಟಾಪ್ ನಾಬ್ ಇರೋ ಟ್ರ್ಯಾಕ್ಟರಾದ್ರೆ ಅದನ್ನ ಎಳೆದು ಹಿಡಿದು ಕೆಲವು ಸೆಕೆಂಡ್ ಬರೀ ಸೆಲ್ಫ್ ಹೊಡೆದ್ರೆ ಇಂಜಿನ್ ಹೊತ್ತಿಕೊಳ್ಳೋ ಮೊದಲೇ ಪ್ರೆಶರ್ ಏರುತ್ತೆ. ದೀಪ ಆರಿದ ಮೇಲೆ ಎರಡು ನಿಮಿಷ ಓಡಿಸಿ, ಸೋರ್ತಿದೆಯಾ ಅಂತ ಬಗ್ಗಿ ನೋಡಿ, ಆಫ್ ಮಾಡಿ ಐದು ನಿಮಿಷ ಬಿಟ್ಟು ಮತ್ತೆ ಡಿಪ್‌ಸ್ಟಿಕ್ ನೋಡಿ. ಫಿಲ್ಟರ್ ಕುಡಿದಷ್ಟು ಕಮ್ಮಿಯಾಗಿರುತ್ತೆ, ಅಷ್ಟು ಹಾಕಿ.

ದೀಪ ಆರಿದ ಮಾತ್ರಕ್ಕೆ ಎಲ್ಲಾ ಸರಿ ಅಂತಲೂ ಅಲ್ಲ. ಬಹಳಷ್ಟು ಗಾಡಿಗಳಲ್ಲಿ ಪ್ರೆಶರ್ ಸುಮಾರು 5ರಿಂದ 7 ಪಿಎಸ್ಐಗೆ ಇಳಿದಾಗಲಷ್ಟೇ ಅದು ಹತ್ತೋದು. ಅಂದ್ರೆ ಮನೆಗೆ ಬೆಂಕಿ ಬಿದ್ದ ಮೇಲೆ ಕೂಗೋ ಕಾವಲುಗಾರ! ಹಳೇ ಇಂಜಿನ್ನಾದ್ರೆ ವರ್ಷಕ್ಕೊಮ್ಮೆ ದೀಪದ ಸ್ವಿಚ್ ಬಿಚ್ಚಿ, ಆ ಜಾಗಕ್ಕೆ ಗೇಜ್ ಹಾಕಿಸಿ, ಇಂಜಿನ್ ಚೆನ್ನಾಗಿ ಕಾದ ಮೇಲೆ ಅಳತೆ ನೋಡಿ. ತಣ್ಣಗಿದ್ದಾಗ ಆಯಿಲ್ ಗಟ್ಟಿ ಇರೋದ್ರಿಂದ ಎಲ್ಲಾ ಇಂಜಿನ್ನೂ ಒಳ್ಳೇ ಅಂಕಿ ತೋರಿಸುತ್ತೆ. ಸಾವಿರ ಆರ್‌ಪಿಎಂಗೆ 10 ಪಿಎಸ್ಐ ಅನ್ನೋದು ಹಳೇ ಮೆಕ್ಯಾನಿಕ್‌ಗಳ ಅಂದಾಜು ಲೆಕ್ಕ. ನಿಮ್ಮ ಗಾಡಿಯ ಪುಸ್ತಕದಲ್ಲಿರೋ ಅಂಕಿಯೇ ಕೊನೇ ಮಾತು.

ನಮ್ಮ ಸ್ಪ್ಲೆಂಡರ್‌ನಂಥ ಬೈಕುಗಳಿಗೆ ಈ ದೀಪವೇ ಇಲ್ಲ. ಅಲ್ಲಿ ಡಿಪ್‌ಸ್ಟಿಕ್ಕೇ ದೇವರು. ಮೇನ್ ಸ್ಟ್ಯಾಂಡ್ ಹಾಕಿ, ಎರಡು ನಿಮಿಷ ಓಡಿಸಿ, ಆಫ್ ಮಾಡಿ, ಎರಡು ನಿಮಿಷ ಕಾದು, ಕಡ್ಡಿಯನ್ನ ತಿರುಗಿಸದೆ ಸುಮ್ಮನೆ ಇಳಿಬಿಟ್ಟು ನೋಡಿ. ಒಳಗೆ ಕ್ಲಚ್ಚೂ ಅದೇ ಆಯಿಲ್‌ನಲ್ಲಿ ಮುಳುಗಿರುತ್ತೆ, ಆದ್ದರಿಂದ ಕಾರಿನ ಆಯಿಲ್ ಹಾಕಿದ್ರೆ ಕ್ಲಚ್ ಜಾರಬಹುದು. ಡಬ್ಬದ ಮೇಲೆ ಜಾಸೋ ಎಂಎ ಅಂತ ಇದೆಯಾ ನೋಡಿ ತಗೊಳ್ಳಿ.

"ನೀವೇ ಮಾಡ್ಕೊಂಡ್ರೆ ಮೆಕ್ಯಾನಿಕ್ ಹೊಟ್ಟೆಪಾಡು?" ಅಂತ ಕೇಳ್ತೀರಾ? ಒಳ್ಳೇ ಮೆಕ್ಯಾನಿಕ್ ಬದುಕೋದು ಆಯಿಲ್ ಸುರಿದಲ್ಲ, ರೋಗ ಕಂಡುಹಿಡಿದು. ನೀವು ಲಕ್ಷಣ ಸರಿಯಾಗಿ ಹೇಳಿದ್ರೆ ಅವನಿಗೂ ಸಲೀಸು. ವಾರಂಟಿ ಇರೋ ಗಾಡಿ ಮಾತ್ರ ಅವಧಿ ಮುಗಿಯೋವರೆಗೆ ಕಂಪನಿ ಸರ್ವಿಸಿಗೇ ಹೋಗಲಿ.

ಹಳೇ ಆಯಿಲ್ ಏನು ಮಾಡೋದು? ಬೇಲಿ ಗೂಟಕ್ಕೆ ಬಳಿಯೋದು, ಬದುವಿಗೆ ಸುರಿಯೋದು ನಮ್ಮಲ್ಲಿ ರೂಢಿ. ಬೇಡ ಕಣ್ರೀ. ಒಂದು ಪಾಲು ಹಳೇ ಆಯಿಲ್ ಹತ್ತು ಲಕ್ಷ ಪಾಲು ಕುಡಿಯೋ ನೀರನ್ನ ಕೆಡಿಸಬಲ್ಲದು ಅಂತ ಅಮೆರಿಕದ ಪರಿಸರ ಇಲಾಖೆ ಹೇಳುತ್ತೆ. ಬೋರಿನ ನೀರನ್ನೇ ನಂಬಿರೋ ನಾವು ಅದೇ ನೆಲಕ್ಕೆ ಇದನ್ನ ಇಂಗಿಸೋದಾ? ನಮ್ಮ 2016ರ ಕಾನೂನಿನಲ್ಲೂ ಇದು ಅಪಾಯಕಾರಿ ತ್ಯಾಜ್ಯ. ಬಳಸಿದ ಆಯಿಲ್ ಮರುಬಳಕೆಯ ಹೊಣೆಯನ್ನ 2024ರ ಏಪ್ರಿಲ್‌ನಿಂದ ಆಯಿಲ್ ಕಂಪನಿಗಳ ಮೇಲೂ ಹೊರಿಸಿದ್ದಾರೆ. ಮುಚ್ಚಳ ಇರೋ ಕ್ಯಾನಿಗೆ ತುಂಬಿ, ಹಳೇ ಆಯಿಲ್ ಸಂಗ್ರಹಿಸೋ ಸರ್ವಿಸ್ ಸೆಂಟರಿಗೆ ಕೊಡಿ. ಹೊಸ ಆಯಿಲ್‌ನ ಖಾಲಿ ಡಬ್ಬವನ್ನ ಕೊಯ್ದೇ ಗುಜರಿಗೆ ಹಾಕಿ. ಇಲ್ಲದಿದ್ರೆ ಅದೇ ಡಬ್ಬದಲ್ಲಿ ನಕಲಿ ಆಯಿಲ್ ಮತ್ತೆ ನಿಮ್ಮ ಕೈಗೇ ಬರಬಹುದು :)

ಇವತ್ತು ಒಂದೇ ಒಂದು ಕೆಲಸ ಮಾಡಿ. ನಿಮ್ಮ ಗಾಡಿಯ ಕೀ ತಿರುಗಿಸಿ, ಆ ಕೆಂಪು ದೀಪ ಹತ್ತುತ್ತಾ ಅಂತ ನೋಡಿ. ಹತ್ತಲಿಲ್ಲವಾ? ಹಾಗಾದ್ರೆ ಆಯಿಲ್‌ಗಿಂತ ಮೊದಲು ಬಲ್ಬು. ನಿಮ್ಮೂರ ಕಡೆ ಹಳೇ ಆಯಿಲ್ ಏನ್ಮಾಡ್ತೀರಾ, ಅದನ್ನೂ ತಿಳಿಸಿ.